ದೆಹಲಿ ಕಾರು ಬಂಡ್ರಿಗೆ ಬಂದರೂ ಅಗ್ಗವೇ?

ಯೂರೋಪಿನಲ್ಲಿ ಹಳೇ ಯಾಟ್ ಕೊಳ್ಳುವವರು ಎಂಜಿನ್ ನೋಡುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ: ಇದರ ವ್ಯಾಟ್ ಕಟ್ಟಿದೆಯಾ? ಕಟ್ಟಿದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ದೋಣಿ ಅದೇ, ಹಾಯಿ ಅದೇ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಪೂರ್ತಿ ಹೊರಬಂದ 2020ರ ಡಿಸೆಂಬರ್ 31ರ ರಾತ್ರಿ ದೋಣಿ ಯಾವ ಬಂದರಿನಲ್ಲಿ ನಿಂತಿತ್ತು ಅನ್ನೋದೂ ಅದರ ಬೆಲೆಯನ್ನು ಬದಲಿಸಿತು.

ಸಂಡೂರು ತಾಲೂಕಿನ ಬಂಡ್ರಿಯಲ್ಲಿ ಯಾಟ್ ಕೊಳ್ಳುವವರು ಯಾರೂ ಇಲ್ಲ ಬಿಡಿ. ಆದರೆ ಈ ಲೆಕ್ಕ ನಮ್ಮ ಕಡೆಯವರಿಗೆ ಹೊಸದಲ್ಲ. ಚೀನಾ ಅದಿರು ಕೊಳ್ಳುತ್ತಿದ್ದ ಕಾಲದಲ್ಲಿ ಈ ಭಾಗದಲ್ಲಿ ಸಾಲ ಮಾಡಿ ಟಿಪ್ಪರ್, ಲಾರಿ ಕೊಂಡವರು ಎಷ್ಟೋ ಮಂದಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಾಡಿಗಳ ಎಂಜಿನ್‌ಗೆ ಏನೂ ಆಗಿರಲಿಲ್ಲ, ಬೆಲೆ ಮಾತ್ರ ಬಿತ್ತು. ಊರಿನವರೆಲ್ಲ ಒಟ್ಟಿಗೆ ಮಾರಲು ನಿಂತರೆ ಕೊಳ್ಳೋರು ಯಾರು? ಕಾಲೇಜಿನಲ್ಲಿ ನಮಗೆ ಕಲಿಸಿದ ಡಿಪ್ರಿಸಿಯೇಷನ್ ಸೂತ್ರದಲ್ಲಿ ಕೋರ್ಟಿನ ಆದೇಶಕ್ಕೆ ಜಾಗವೇ ಇರಲಿಲ್ಲ.

ಈಗ ಮಾತು ದೆಹಲಿ ಕಾರುಗಳದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ತಡೆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂದು ಅದನ್ನು ಗಟ್ಟಿ ಮಾಡಿತು. ಆಮೇಲೆ ಅಲ್ಲಿನ ನಿಯಮ ಬಿಗಿಯಾಗುತ್ತಾ, ಸಡಿಲವಾಗುತ್ತಾ ಬಂದಿದೆ. ಒಟ್ಟಾರೆ, ಎಂಟು–ಒಂಬತ್ತು ವರ್ಷದ ಡೀಸೆಲ್ ಕಾರಿಗೆ ಅಲ್ಲಿ ಆಯುಸ್ಸು ಮುಗಿಯುತ್ತಾ ಬಂತು, ಇಲ್ಲಿ 15 ವರ್ಷದವರೆಗೆ ನೋಂದಣಿ ಇರುತ್ತದೆ. ಅಗ್ಗವಾಗದೆ ಇನ್ನೇನು? ರೀಲ್ಸ್‌ನಲ್ಲಿ ತೋರಿಸುವ ಬೆಲೆ ಸುಳ್ಳಲ್ಲ. ಅದು ಅರ್ಧ ಬೆಲೆ ಅಷ್ಟೆ.

ಉಳಿದರ್ಧ ನಮ್ಮ ಆರ್‌ಟಿಒದಲ್ಲಿದೆ. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನದರ ಸಾಲಿನಲ್ಲಿದೆ: ಕಾರಿನ ಬೆಲೆ 5 ಲಕ್ಷದೊಳಗಿದ್ದರೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%. ಇದರ ಮೇಲೆ ಸೆಸ್ ಬೇರೆ. ದೆಹಲಿಯಲ್ಲಿ 10 ಲಕ್ಷ ಮೀರಿದ ಡೀಸೆಲ್ ಕಾರಿಗೂ 12.5%. ಬೇರೆ ರಾಜ್ಯದ ಹಳೇ ಗಾಡಿ ಇಲ್ಲಿ ನೋಂದಣಿಯಾಗಬೇಕಾದರೆ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ನಿಜ. ಆದರೆ ಲೆಕ್ಕ ಶುರುವಾಗೋದು ನೀವು ಕೊಟ್ಟ ದುಡ್ಡಿನಿಂದಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯಿಂದ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಹೊಸದರಲ್ಲಿ 12 ಲಕ್ಷದ ಕಾರು, ನೀವು ಕೊಟ್ಟಿದ್ದು 2.5 ಲಕ್ಷ. 12 ಲಕ್ಷಕ್ಕೆ 17% ಅಂದರೆ 2.04 ಲಕ್ಷ. ವಯಸ್ಸಿನ ರಿಯಾಯಿತಿಯಲ್ಲಿ ಅರ್ಧ ಹೋಯಿತು ಅಂದುಕೊಂಡರೂ ಲಕ್ಷದ ಮೇಲೆ ಉಳಿಯಿತು. ಕೊಂಡ ಬೆಲೆಗೆ ಹೋಲಿಸಿದರೆ ಅದು 40%! ಹೊಸ ಕಾರು ಕೊಳ್ಳುವವನಿಗೆ 17%, ಹಳೇದು ಕೊಳ್ಳುವವನಿಗೆ 40%. ದೆಹಲಿಯಲ್ಲಿ ಕಟ್ಟಿದ್ದರ ಉಳಿಕೆ ವಾಪಸ್ ಪಡೆಯಬಹುದು, ಆದರೆ ಅರ್ಜಿ ಅಲ್ಲಿಗೇ ಹಾಕಬೇಕು. ಬಂಡ್ರಿಯಿಂದ ಅದರ ಬೆನ್ನು ಹತ್ತುವವರು ಎಷ್ಟು ಜನ?

'ಒಂದು ದೇಶ, ಒಂದು ತೆರಿಗೆ' ಅಂದಿದ್ದರಲ್ಲ ಅಂತ ಕೇಳಬಹುದು. ಜಿಎಸ್‌ಟಿ ಈ ತೆರಿಗೆಯನ್ನು ಮುಟ್ಟಲೇ ಇಲ್ಲ. ವಾಹನ ತೆರಿಗೆ ಸಂವಿಧಾನದ ರಾಜ್ಯ ಪಟ್ಟಿಯ 57ನೇ ನಮೂದಿನಲ್ಲಿದೆ. ಅದು ಅಲ್ಲೇ ಇರಲಿ, ರಾಜ್ಯಗಳ ಕೈಯಲ್ಲಿ ಉಳಿದಿರುವ ಆದಾಯವೇ ಕಮ್ಮಿ. ನನ್ನ ತಕರಾರು ದರದ್ದಲ್ಲ, ಲೆಕ್ಕದ ಬುಡದ್ದು. ವಿಮೆ ಕಂಪನಿಗಳು ವರ್ಷವರ್ಷ ಗಾಡಿಯ ಇವತ್ತಿನ ಮೌಲ್ಯ ಕಟ್ಟುತ್ತವೆ. ತೆರಿಗೆ ಇಲಾಖೆಗೆ ಮಾತ್ರ ಅದು ಯಾಕೆ ಆಗದು?

2024ರ ಡಿಸೆಂಬರಿನಲ್ಲಿ ಗದ್ದಲ ಎಬ್ಬಿಸಿದ 18% ಜಿಎಸ್‌ಟಿ ಬೇರೆಯದು. ಅದು ನೋಂದಾಯಿತ ಡೀಲರ್‌ನ ಲಾಭದ ಮೇಲೆ ಮಾತ್ರ. ಪರಿಚಯದವರಿಂದ ನೇರ ಕೊಂಡರೆ ಅದು ಇಲ್ಲ.

ಇಷ್ಟಾದ ಮೇಲೂ ಹೊರ ರಾಜ್ಯದ ಗಾಡಿಯೇ ಬೇಕು ಅನ್ನುವವರು ಮುಂಗಡ ಕೊಡುವ ಮುಂಚೆ ಹೊಸದಿದ್ದಾಗಿನ ಇನ್‌ವಾಯ್ಸ್ ಕೇಳಿ, ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ವಿಚಾರಿಸಿ. ಮೂಲ ಆರ್‌ಟಿಒದ ಎನ್‌ಒಸಿ ಫಾರಂ 28ರಲ್ಲಿರುತ್ತದೆ. ಸಾಲ ತೀರಿದ್ದಕ್ಕೆ ಬ್ಯಾಂಕು ಸಹಿ ಮಾಡಿದ ಫಾರಂ 35 ಬೇಕು. ಇವೆರಡೂ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.