ಮಾರಿಕಣಿವೆಯ ಮೇಲ್ಸೀಮೆಗೆ ಯಾರು ಹೊಣೆ?

2022ರ ಸೆಪ್ಟೆಂಬರ್ ಮೊದಲ ವಾರ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ ಕಳೆದದ್ದು 89 ವರ್ಷ. ಹಿರಿಯೂರು ಸೀಮೆಯಲ್ಲಿ ಹುಟ್ಟಿ, ಇದೇ ಕಟ್ಟೆಯ ನೀರು ನಂಬಿ ತೆಂಗು ಬೆಳೆಸಿ, ಕೋಡಿ ಹರಿಯುವುದನ್ನು ಒಮ್ಮೆಯೂ ಕಾಣದೆ ತೀರಿಹೋದವರ ಒಂದು ತಲೆಮಾರೇ ಇದೆ. ಹಾಗಾಗಿ ಆ ವಾರ ಕಣಿವೆ ಮಾರಮ್ಮನ ಗುಡಿಯ ಸುತ್ತ ಸೇರಿದ ಜನರ ಸಂಭ್ರಮಕ್ಕೆ ಅರ್ಥವಿತ್ತು.

ಅದೇ ದಿನಗಳಲ್ಲಿ ಜಲಾಶಯದ ಇನ್ನೊಂದು ತುದಿಯಲ್ಲಿ, ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಊರುಗಳಲ್ಲಿ, ಹಿನ್ನೀರು ಹೊಲ ತೋಟಗಳಿಗೆ ಏರಿತ್ತು, ರಸ್ತೆ ಮುಚ್ಚಿತ್ತು. ಕೋಡಿಯ ಎತ್ತರ ತಗ್ಗಿಸಿ ಎಂದು ಅಲ್ಲಿನವರು ಕೇಳಿದರು. ಒಂದಡಿಯೂ ತಗ್ಗಿಸಕೂಡದು ಎಂದು ಹಿರಿಯೂರಿನವರು ಪಟ್ಟು ಹಿಡಿದರು. ಒಂದೇ ಜಿಲ್ಲೆ, ಒಂದೇ ನೀರು, ಅಕ್ಕಪಕ್ಕದ ಎರಡು ತಾಲ್ಲೂಕು. ಇಬ್ಬರ ಮಾತೂ ನ್ಯಾಯವಾದದ್ದೇ ಎಂಬುದು ಇದರಲ್ಲಿ ಕಷ್ಟದ ಸಂಗತಿ. ಈ ಜಗಳಕ್ಕೆ ಒಂದು ವರ್ಷದ ಮಳೆಯನ್ನು ದೂರಿ ಪ್ರಯೋಜನವಿಲ್ಲ. ಇದರ ಬೇರು ನೂರಮೂವತ್ತು ವರ್ಷದಷ್ಟು ಹಳೆಯದು.

1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನವನ್ನು ಹಣ್ಣು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ಹೊಸ ಸರ್ಕಾರಕ್ಕೆ ನೀರಾವರಿ ಎಂದರೆ ಮುಂದಿನ ಬರದಲ್ಲಿ ಜನರ ಜೀವ ಉಳಿಸುವ ದಾರಿ. ಬಯಲುಸೀಮೆಯಲ್ಲಿ ಹುಡುಕಿದವರ ಕಣ್ಣಿಗೆ ಬಿದ್ದದ್ದು ಹಿರಿಯೂರಿನ ಬಳಿ ವೇದಾವತಿ ನದಿ ಎರಡು ಗುಡ್ಡಗಳ ನಡುವೆ ತೂರಿ ಹೊರಬೀಳುವ ಮಾರಿಕಣಿವೆ. ಅಷ್ಟು ಕಿರಿದಾದ ಬಾಯಿ, ಅದರ ಹಿಂದೆ ಅಷ್ಟು ಅಗಲವಾದ ಬಯಲು ಸಿಗುವುದು ಅಪರೂಪ.

ಆದರೆ ಕಟ್ಟುವ ಮೊದಲೇ ಒಂದು ಕಾಗದ ಅಡ್ಡ ಬಂತು. ವೇದಾವತಿ ಮುಂದೆ ಹಗರಿ ಎಂಬ ಹೆಸರಿನಲ್ಲಿ ಮದರಾಸು ಪ್ರಾಂತ್ಯಕ್ಕೆ ಹರಿಯುತ್ತಿತ್ತು. 1892ರಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ ಆದ ಒಪ್ಪಂದದಲ್ಲಿ, ಪಟ್ಟಿ ಮಾಡಿದ ನದಿಗಳಿಗೆ ಹೊಸ ಕಟ್ಟೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಬೇಕೆಂದು ಬರೆಯಲಾಯಿತು. ಕಾವೇರಿಯ ಜಗಳದಿಂದ ಆ ಒಪ್ಪಂದ ಹೆಸರುವಾಸಿ. ಅದೇ ಪಟ್ಟಿಯಲ್ಲಿ ತುಂಗಭದ್ರೆಯೂ ಹಗರಿಯೂ ಇದ್ದವು ಎಂಬುದು ಮರೆತುಹೋಗಿದೆ. ನದಿಯ ಕೆಳಗಿನವರಿಗೆ ಮೇಲಿನವರು ನೀರು ತಪ್ಪಿಸಬಾರದು ಎಂಬ ಹೊಣೆಯನ್ನು ಬ್ರಿಟಿಷರು ತಮ್ಮ ಸೀಮೆಯ ಹಿತಕ್ಕಾಗಿ ಬರೆಸಿಕೊಂಡರು. ಅವರಿಗೆ ಅದು ಬೇಕಿತ್ತು, ಬರೆಸಿಕೊಳ್ಳುವ ಬಲವೂ ಇತ್ತು.

1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ದಿವಾನರು ಕೆ. ಶೇಷಾದ್ರಿ ಅಯ್ಯರ್. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಸುಮಾರು 405 ಮೀಟರ್ ಉದ್ದದ ಕಲ್ಲಿನ ಕಟ್ಟೆ, ಕೋಡಿ ಮಟ್ಟಕ್ಕೆ 130 ಅಡಿ ನೀರು, 30 ಟಿಎಂಸಿ ಅಡಿ ಸಂಗ್ರಹ. ಕನ್ನಂಬಾಡಿ ಕಟ್ಟುವವರೆಗೂ ಸಂಸ್ಥಾನದಲ್ಲಿ ಇದಕ್ಕಿಂತ ದೊಡ್ಡ ಜಲಾಶಯ ಇರಲಿಲ್ಲ. ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಸುಮಾರು 30 ಸಾವಿರ ಎಕರೆ ಇದರ ಅಚ್ಚುಕಟ್ಟು.

ಕಟ್ಟಿದವರು ಲೆಕ್ಕಕ್ಕೆ ಹಿಡಿದ ಜಲಾನಯನ ಪ್ರದೇಶ ಸುಮಾರು 5,374 ಚದರ ಕಿಲೋಮೀಟರ್. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನೂ ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಒಂದಾಗಿ, ಹೊಸದುರ್ಗ ತಾಲ್ಲೂಕನ್ನು ಹಾದು ಕಣಿವೆ ಸೇರುತ್ತವೆ. ಅಷ್ಟು ನೆಲದ ಮೇಲೆ ಬಿದ್ದ ಮಳೆ ಹಳ್ಳ ಕೊಳ್ಳ ಹಿಡಿದು ಕೆಳಗೆ ಬರುತ್ತದೆ ಎಂಬುದು ಆಗಿನ ನಂಬಿಕೆ. ಆ ನೆಲದಲ್ಲಿ ಮುಂದೆ ಏನು ಮಾಡಬಹುದು, ಏನು ಮಾಡಬಾರದು ಎಂದು ಯಾರೂ ಬರೆಯಲಿಲ್ಲ. ಕಟ್ಟೆಯಿಂದ ಕೆಳಗಿನವರಿಗೆ ತೊಂದರೆಯಾದೀತು ಎಂದು ಒಪ್ಪಂದ ಎಚ್ಚರ ವಹಿಸಿತು. ಕಟ್ಟೆಗೇ ಮೇಲಿನಿಂದ ನೀರು ತಪ್ಪಬಹುದು ಎಂಬ ಯೋಚನೆ ಯಾವ ಕಡತದಲ್ಲೂ ಜಾಗ ಪಡೆಯಲಿಲ್ಲ. ನನ್ನ ಮಟ್ಟಿಗೆ ಮಾರಿಕಣಿವೆಯ ಮುಂದಿನ ನೂರು ವರ್ಷದ ಕಥೆಯೆಲ್ಲ ಈ ಒಂದು ಲೋಪದಲ್ಲಿದೆ.

1933ರಲ್ಲಿ ನೀರು 135 ಅಡಿ ದಾಟಿತು. ಆಮೇಲೆ 2022ರವರೆಗೆ ಕೋಡಿ ಬೀಳಲೇ ಇಲ್ಲ. ಮಳೆ ಕಡಿಮೆಯಾಯಿತು ಎನ್ನುವುದು ಸುಲಭದ ಉತ್ತರ. ಅದಕ್ಕಿಂತ ಮುಖ್ಯವಾದದ್ದು ಮೇಲ್ಸೀಮೆಯಲ್ಲಿ ನಿಧಾನವಾಗಿ ನಡೆದ ಬದಲಾವಣೆ. ಅದನ್ನು ದುರಾಸೆ ಎಂದು ಕರೆಯುವುದೂ ತಪ್ಪು. ಹಳ್ಳಕ್ಕೆ ಅಡ್ಡಲಾಗಿ ಸಣ್ಣ ನೀರಾವರಿಯವರು ಒಡ್ಡು ಕಟ್ಟಿದರು. ನದಿಗೇ ಅಲ್ಲಲ್ಲಿ ಬ್ಯಾರೇಜ್ ಬಂದವು. 2001ರ ಆಸುಪಾಸಿನಲ್ಲಿ ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಚಿತ್ರದುರ್ಗವೂ ಸೇರಿದಂತೆ ಐದು ಜಿಲ್ಲೆಗಳಿಗೆ ಬಂತು. 2006ರಲ್ಲಿ ಉದ್ಯೋಗ ಖಾತರಿ ಶುರುವಾದಾಗ ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬದು, ಗೋಕಟ್ಟೆ, ಕೃಷಿಹೊಂಡ, ಚೆಕ್ ಡ್ಯಾಂಗಳು ಸಾಲಾಗಿ ಎದ್ದವು. ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸು ಎಂದು ಹೇಳಿದ್ದು ಸರ್ಕಾರವೇ. ಒಣಗಿದ ಬಾವಿಗಳನ್ನು ನೋಡುತ್ತಿದ್ದ ಹೊಸದುರ್ಗದ ರೈತನಿಗೆ ಅದು ಸರಿಯಾದ ಮಾತೂ ಹೌದು.

ಇದರ ಜೊತೆಗೆ ಕೊಳವೆಬಾವಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ಲಿಲ್ಲದ ಕರೆಂಟು ಸಿಕ್ಕ ಮೇಲೆ ರಾಗಿ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಅಡಿಕೆ, ತೆಂಗು, ದಾಳಿಂಬೆ ಎದ್ದವು. ಹೊಳಲ್ಕೆರೆ, ಹೊಸದುರ್ಗಗಳ ಹಳ್ಳಿಗಳಿಗೆ ನಾಲ್ಕು ಕಾಸು ಬಂದದ್ದು ಹೀಗೆಯೇ. ಅಂತರ್ಜಲ ಕೆಳಗಿಳಿದಂತೆ ಹಳ್ಳಗಳು ಮಳೆಗಾಲ ಮುಗಿದ ಕೂಡಲೇ ಬತ್ತತೊಡಗಿದವು. ಒಣಗಿದ ನೆಲ ಮೊದಲ ಮಳೆಯನ್ನೆಲ್ಲ ತಾನೇ ಕುಡಿಯುತ್ತದೆ. ಕಣಿವೆಗೆ ಬರುವುದು ಆಮೇಲೆ ಉಳಿದದ್ದು.

ಈ ಕೆಲಸಗಳಲ್ಲಿ ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಅಂದಾಜುಪಟ್ಟಿ. ಹೊಸ ಒಡ್ಡಿನಿಂದ ಮಾರಿಕಣಿವೆಯ ಖಾತೆಯಲ್ಲಿ ಎಷ್ಟು ನೀರು ಕಳೆಯುತ್ತದೆ ಎಂದು ಕೇಳುವ ಕಲಂ ಅವುಗಳಲ್ಲಿ ಇರಲಿಲ್ಲ. ಕಡೂರು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು, ಕಟ್ಟೆ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ. ಮೇಲಿನ ಜಿಲ್ಲಾ ಪಂಚಾಯಿತಿಗೆ ಕೆಳಗಿನ ಜಲಾಶಯದ ಚಿಂತೆ ಯಾಕಿರಬೇಕು? ವಿಚಿತ್ರವೆಂದರೆ ನದಿಯ ಒಟ್ಟು ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಬರೆದಿಟ್ಟಿದೆ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕೊಳ್ಳದ ವೇದಾವತಿ ಉಪಕೊಳ್ಳದಲ್ಲಿ ಕರ್ನಾಟಕ ವರ್ಷಕ್ಕೆ 42 ಟಿಎಂಸಿ ಅಡಿ ಮೀರಿ ಬಳಸಕೂಡದು ಎಂದು 1970ರ ದಶಕದಲ್ಲೇ ಮಿತಿ ಹಾಕಿತು. ರಾಜ್ಯ ರಾಜ್ಯಗಳ ನಡುವೆ ಹನಿ ಹನಿಗೂ ಲೆಕ್ಕವಿದೆ. ತಾಲ್ಲೂಕು ತಾಲ್ಲೂಕುಗಳ ನಡುವೆ ಇಲ್ಲ.

ಪರಿಣಾಮ ಬಿದ್ದದ್ದು ಹಿರಿಯೂರಿನ ಮೇಲೆ. ಕಬ್ಬು ನಂಬಿ ಕಟ್ಟಿದ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿತು. ಕಳೆದ ದಶಕದ ಬರಗಳಲ್ಲಿ ಜಲಾಶಯ ತಳ ಕಂಡಾಗ ನಾಲೆಗೆ ನೀರು ನಿಂತು, ಅಚ್ಚುಕಟ್ಟಿನ ತೆಂಗಿನ ಮರಗಳು ಸುಳಿ ಬಿದ್ದು ಒಣಗಿದವು. ತೆಂಗು ಒಣಗುವುದೆಂದರೆ ಒಂದು ಬೆಳೆ ಹೋದಂತಲ್ಲ. ಅಪ್ಪ ನೆಟ್ಟದ್ದನ್ನು ಮಗ ಕಡಿಸಿ ಇಟ್ಟಿಗೆ ಗೂಡಿಗೆ ಮಾರಬೇಕು. ಅದೇ ಹೊತ್ತಿಗೆ ಕುಡಿಯುವ ನೀರಿಗಾಗಿ ಜಲಾಶಯದ ಮೇಲೆ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಹೊಸದುರ್ಗ ಪಟ್ಟಣಗಳ ಹಕ್ಕು ಬೆಳೆದಿತ್ತು. ಚಳ್ಳಕೆರೆಯ ಕುದಾಪುರದ ಬಳಿ ಬಂದ ವಿಜ್ಞಾನ ಸಂಸ್ಥೆಗಳಿಗೂ ಇಲ್ಲಿಂದಲೇ ನೀರು. ಚಿತ್ರದುರ್ಗಕ್ಕಾದರೂ ಚನ್ನಗಿರಿಯ ಸೂಳೆಕೆರೆಯ ಆಸರೆಯಿತ್ತು. ಅಚ್ಚುಕಟ್ಟಿನ ರೈತನಿಗೆ ಎರಡನೇ ಕೆರೆ ಇರಲಿಲ್ಲ.

ಮೇಲಿನವರ ಹೊಣೆಯನ್ನು ಬರೆಯಲಾಗದು ಎನ್ನುವವರಿಗೆ ಇದೇ ಜಿಲ್ಲೆಯಲ್ಲಿ ಉತ್ತರವಿದೆ. ಭೀಮಸಮುದ್ರದ ಸುತ್ತ, ಹೊಳಲ್ಕೆರೆ ಮತ್ತು ಹೊಸದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಾರೆ. ಲಾರಿಗಳ ಕೆಂಪು ದೂಳು ಅಡಿಕೆ ತೋಟದ ಮೇಲೆ ಕೂರುತ್ತಿತ್ತು, ಮಳೆಗೆ ಕೊಚ್ಚಿದ ಗಣಿಮಣ್ಣು ಕೆರೆಯಲ್ಲಿ ತುಂಬುತ್ತಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ದರ್ಜೆಯವನ್ನು ರದ್ದು ಮಾಡಿತು. ಗಡಿ ಮೀರಿ ಅಗೆದವರು ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿಯಾಚೆ ಮಣ್ಣು ಸುರಿದವರು ಹೆಕ್ಟೇರಿಗೆ 1 ಕೋಟಿ ಕಟ್ಟಬೇಕಾಯಿತು. ವರ್ಷಕ್ಕೆ ಇಷ್ಟೇ ಅದಿರು ಎಂಬ ಮಿತಿಯೂ ಬಂತು: ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ಮೊದಲು 50 ಲಕ್ಷ ಟನ್. ಅದನ್ನು 2022ರಲ್ಲಿ 150 ಲಕ್ಷ ಟನ್ನಿಗೆ ಏರಿಸಲಾಗಿದೆ.

ಹೀಗೆ ಕೂಡಿದ ಹಣವನ್ನು ಗಣಿಪೀಡಿತ ಊರುಗಳಿಗೇ ಖರ್ಚು ಮಾಡಲು 2014ರಲ್ಲಿ ಒಂದು ನಿಗಮ ಹುಟ್ಟಿತು. ಸಾವಿರಾರು ಕೋಟಿ ಕೂಡಿ ಬಿದ್ದಿದ್ದರೂ ಯೋಜನೆಗೆ ಹಸಿರು ನಿಶಾನೆ ಸಿಕ್ಕದ್ದು 2022ರ ಏಪ್ರಿಲ್‌ನಲ್ಲಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರ ಉಸ್ತುವಾರಿಯಲ್ಲಿ. 2011ರಲ್ಲಿ ಹುಟ್ಟಿದ ಮಗುವಿಗೆ ಹತ್ತು ವರ್ಷ ದಾಟುವಷ್ಟು ತಡ. ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಆದರೂ ಹೊಣೆ ಕಾಗದದ ಮೇಲೆ ಬಂದಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯ ಮೇಲೆ ಪ್ರತಿ ಗಣಿ ಜಿಲ್ಲೆಗೂ ಖನಿಜ ಪ್ರತಿಷ್ಠಾನ ಬಂದು, ಹಳೆಯ ಗುತ್ತಿಗೆಯವರು ರಾಜಧನದ ಶೇ 30ರಷ್ಟನ್ನು ಅದಕ್ಕೆ ಕೊಡಬೇಕಾಗಿದೆ. ಮೇಲೆ ಅಗೆದವನಿಗೆ ಕೆಳಗಿನ ಊರಿನ ಲೆಕ್ಕ ಒಪ್ಪಿಸುವ ದಾರಿ ಇದು. ಕಲ್ಲು ಮಣ್ಣಿಗೆ ಸಾಧ್ಯವಾದದ್ದು ನೀರಿಗೆ ಇನ್ನೂ ಆಗಿಲ್ಲ.

ನೀರಿನ ವಿಷಯದಲ್ಲಿ ಸರ್ಕಾರ ಹಿಡಿದ ದಾರಿ ಬೇರೆ. ಮೇಲ್ಸೀಮೆಯ ಲೆಕ್ಕಕ್ಕೆ ಕೈ ಹಾಕದೆ, ಇನ್ನೊಂದು ಕಣಿವೆಯಿಂದ ನೀರು ತರುವುದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಒಟ್ಟು 29.9 ಟಿಎಂಸಿ ಅಡಿಯನ್ನು ಅಜ್ಜಂಪುರದ ಸುರಂಗ ದಾಟಿಸಿ ಬಯಲುಸೀಮೆಗೆ ತರಬೇಕು. 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು, ವಾಣಿವಿಲಾಸಕ್ಕೆ 2 ಟಿಎಂಸಿ ಅಡಿ. ಹೊಳಲ್ಕೆರೆ, ಚಿತ್ರದುರ್ಗದ ಕಡೆಯವರು ದಶಕಗಳಿಂದ ಹೋರಾಡಿ ಪಡೆದ ಯೋಜನೆ ಇದು. ಅಂದಾಜು ವೆಚ್ಚ 21 ಸಾವಿರ ಕೋಟಿ ದಾಟಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಗಾಗಿ ರಾಜ್ಯ ಪತ್ರ ಬರೆಯುತ್ತಾ ಬಂದಿದೆ. ಅಬ್ಬಿನಹೊಳಲಿನ ಬಳಿ ಭೂಸ್ವಾಧೀನದ ತಕರಾರಿನಿಂದ ಚಿತ್ರದುರ್ಗ ಶಾಖಾ ಕಾಲುವೆಯ ಕೆಲಸ ವರ್ಷಗಟ್ಟಲೆ ನಿಂತಿತು.

ಕಾಲುವೆ ಪೂರ್ತಿಯಾಗುವ ಮೊದಲೇ, 2019ರಲ್ಲಿ, ಬೆಟ್ಟತಾವರೆಕೆರೆಯ ಪಂಪ್‌ಹೌಸಿನಿಂದ ಎತ್ತಿದ ಭದ್ರೆಯ ನೀರು ಹಳ್ಳ ಹಿಡಿದು ವೇದಾವತಿ ಸೇರಿ ಮಾರಿಕಣಿವೆಗೆ ಬಂತು. ಅದಕ್ಕೆ 2022ರ ಭಾರಿ ಮಳೆ ಸೇರಿ ಕೋಡಿ ಬಿತ್ತು. ಹಿನ್ನೀರಿನ ಅಂಚಿನವರ ಕಷ್ಟ ಶುರುವಾದದ್ದು ಆಗ. 89 ವರ್ಷ ನೀರು ಬಾರದ ನೆಲದಲ್ಲಿ ಮೂರು ತಲೆಮಾರು ಬದುಕು ಕಟ್ಟಿಕೊಂಡಿತ್ತು. ಅವರನ್ನು ಒತ್ತುವರಿದಾರರು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ನೀರು ಇಲ್ಲಿಗೆ ಬರುತ್ತದೆ ಎಂದು ಯಾವ ಅಧಿಕಾರಿಯಾದರೂ ಗುರುತುಕಲ್ಲು ತೋರಿಸಿ ಹೇಳಿದ್ದರೂ, ಅಷ್ಟು ವರ್ಷದ ಮೇಲೆ ಅದು ಅವರ ನೆನಪಿನಲ್ಲಿ ಉಳಿದಿರುವುದು ಸಾಧ್ಯವಿಲ್ಲ. ಹಾಗೆಂದು ಅಷ್ಟೇ ವರ್ಷ ಕಾದ ಅಚ್ಚುಕಟ್ಟಿನವರಿಗೆ ಕೋಡಿ ತಗ್ಗಿಸಿ ಎನ್ನುವುದೂ ಸಲ್ಲದು. ನನ್ನ ಅಭಿಪ್ರಾಯದಲ್ಲಿ ಕೋಡಿ ಇದ್ದ ಹಾಗೇ ಇರಬೇಕು. ಹಿನ್ನೀರಿನ ಗಡಿಯನ್ನು ಮರುಅಳತೆ ಮಾಡಿ, ಮುಳುಗುವ ಮನೆ ತೋಟಗಳಿಗೆ ಪರಿಹಾರ ಕೊಟ್ಟು, ರಸ್ತೆಗಳನ್ನು ಎತ್ತರಿಸಬೇಕು. ಸಾವಿರಾರು ಕೋಟಿಯ ಯೋಜನೆಗೆ ಆ ಖರ್ಚು ಭಾರವಾಗದು.

2025ರ ಜನವರಿಯಲ್ಲಿ ಜಲಾಶಯ ಮೂರನೇ ಸಲ ಕೋಡಿ ಬಿತ್ತು. ಮುಖ್ಯಮಂತ್ರಿ ಬಂದು ಬಾಗಿನ ಅರ್ಪಿಸಿದರು. ಹೊಸದುರ್ಗದ ಕಡೆಯಿಂದ ಮತ್ತೆ ಅದೇ ಅಹವಾಲು. ಈ ಸಲದ ತಿಂಗಳನ್ನು ಗಮನಿಸಬೇಕು. ಜನವರಿ ಮಳೆಗಾಲವಲ್ಲ. ಹಿಂಗಾರು ಮುಗಿದ ಮೇಲೂ ಭದ್ರೆಯ ನೀರು ಬರುತ್ತಲೇ ಇತ್ತು. 1933ರ ಕೋಡಿಗೆ ಮೋಡವೇ ಕಾರಣ. 2025ರ ಕೋಡಿಯಲ್ಲಿ ಮನುಷ್ಯರ ತೀರ್ಮಾನದ ಪಾಲೂ ಇದೆ, ತೀರ್ಮಾನ ಎಂದ ಮೇಲೆ ಅದಕ್ಕೆ ಉತ್ತರ ಹೇಳುವವರು ಇರಲೇಬೇಕು. ಜಲಾಶಯ ಎಷ್ಟು ಅಡಿ ಮುಟ್ಟಿದಾಗ ಪಂಪ್ ನಿಲ್ಲಿಸುವುದು, ಹೆಚ್ಚಿನ ನೀರನ್ನು ದಾರಿಯ ಯಾವ ಕೆರೆಗಳಿಗೆ ತಿರುಗಿಸುವುದು, ಹಿನ್ನೀರಿನ ಊರಿಗೆ ಎಷ್ಟು ದಿನ ಮೊದಲು ಡಂಗುರ ಸಾರಿಸುವುದು, ಅಚ್ಚುಕಟ್ಟಿಗೆ ಯಾವ ತಿಂಗಳಲ್ಲಿ ತೂಬು ಎತ್ತುವುದು: ಇಷ್ಟನ್ನೂ ಮುಂಗಾರಿಗೆ ಮೊದಲೇ ಬರೆದು ಹಿರಿಯೂರು, ಹೊಸದುರ್ಗ, ಕಡೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು, ನೀರಾವರಿ ನಿಗಮದ ಎಂಜಿನಿಯರರು ಮತ್ತು ಮೂರೂ ಕಡೆಯ ರೈತರು ಏಪ್ರಿಲ್ ತಿಂಗಳಲ್ಲಿ ಒಂದು ದಿನ ಒಟ್ಟಿಗೆ ಕೂತರೆ ಆಗುವ ಕೆಲಸ.