ಕಾಲ ಬಳಿಯ ಪೆಟ್ಟಿಗೆಗೆ ಕೈಯ ಬಣ್ಣ

ಗಿಟಾರ್ ಎಂಬ ವಾದ್ಯವು ಈಗ ನಮ್ಮ ಭಕ್ತರ ಮನೆಗಳಿಗೂ ಬಂದಿದೆ. ಪ್ರವಚನದ ನಿಮಿತ್ತ ನಾವು ಹೋದ ಎಷ್ಟೋ ಮನೆಗಳಲ್ಲಿ ಹಾರ್ಮೋನಿಯಂ, ತಬಲಾಗಳ ಮಗ್ಗುಲಲ್ಲಿ ಅದು ಗೋಡೆಗೊರಗಿ ನಿಂತಿರುವುದನ್ನು ಕಂಡಿದ್ದೇವೆ. ಅದನ್ನು ನೋಡಿ ಹುಬ್ಬು ಗಂಟಿಕ್ಕುವ ಹಿರಿಯರಿಗೆ ನಾವು ಹೇಳುವುದಿಷ್ಟೆ: ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂದುದು; ಇಂದು ಅದಿಲ್ಲದೆ ನಮ್ಮ ಭಜನೆ ರಂಗೇರುವುದಿಲ್ಲ. ಆ ಚರ್ಚೆ ಅಲ್ಲಿಗಿರಲಿ. ಇಲ್ಲಿ ನಾವು ಬರೆಯ ಹೊರಟಿರುವುದು, ಗಿಟಾರ್ ನುಡಿಸುವವನ ಕಾಲ ಬಳಿ ನೆಲದ ಮೇಲಿರುವ ಒಂದು ಚಿಕ್ಕ ಲೋಹದ ಪೆಟ್ಟಿಗೆಯನ್ನು ಕುರಿತು ಮತ್ತು ಅದಕ್ಕೆ ಬಳಿಯುವ ಬಣ್ಣವನ್ನು ಕುರಿತು.

ಈ ಪೆಟ್ಟಿಗೆಗೆ ಪೆಡಲ್ ಎಂದು ಹೆಸರು. ವಿದ್ಯುತ್ ಗಿಟಾರಿನಿಂದ ಹೊರಟ ನಾದವು ತಂತಿಯ ಮೂಲಕ ಇದರೊಳಗೆ ಹೊಕ್ಕು, ಕೆಲವು ಟ್ರಾನ್ಸಿಸ್ಟರ್, ಕೆಪಾಸಿಟರುಗಳ ನಡುವೆ ಹಾಯ್ದು, ಬೇರೊಂದು ಗುಣವನ್ನು ತಾಳಿ ಧ್ವನಿವರ್ಧಕಕ್ಕೆ ಹೋಗುತ್ತದೆ. ವಾದಕನ ಕೈಗಳೆರಡೂ ತಂತಿಯ ಮೇಲಿರುವುದರಿಂದ ಇದನ್ನು ಕಾಲಿನಿಂದಲೇ ಒತ್ತಬೇಕು. ನಾದವನ್ನು ಒಡಕಲು ಮಾಡುವ 'ಫಜ್' ಎಂಬ ಬಗೆಯು 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಧ್ವನಿಮುದ್ರಣ ಕೇಂದ್ರವೊಂದರಲ್ಲಿ, ಕೆಟ್ಟುಹೋದ ಉಪಕರಣದಿಂದ ಆಕಸ್ಮಿಕವಾಗಿ ಕೇಳಿಬಂತು. 1962ರಲ್ಲಿ ಅದೇ ದನಿಯನ್ನು ಬೇಕೆಂದೇ ಹೊರಡಿಸುವ ಮೇಸ್ಟ್ರೋ ಫಜ್-ಟೋನ್ ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂತು. ಒಡಕು ದನಿಯನ್ನು ಹಣ ಕೊಟ್ಟು ಕೊಳ್ಳುವರೆ ಎಂದು ನಗುವವರು ನಮ್ಮ ತಂಬೂರಿಯನ್ನು ನೆನೆಯಬೇಕು. ಅದರ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆಯನ್ನು ಹಿಂದೆ ಮುಂದೆ ಸರಿಸಿ 'ಜವಾರಿ' ಕೂಡಿಸುವುದೂ ಶುದ್ಧ ತಂತಿಯ ನಾದಕ್ಕೆ ಝೇಂಕಾರವನ್ನು ಬೆರೆಸುವ ಕೆಲಸವೇ ಅಲ್ಲವೇ?

ಅಂಗಡಿಯಲ್ಲಿ ಕೊಳ್ಳುವ ಪೆಡಲ್ಲುಗಳಿಗೆ ಕಂಪೆನಿಯ ಬಣ್ಣವಿರುತ್ತದೆ. ಜಪಾನಿನ ಬಾಸ್ ಕಂಪೆನಿಯು 1977ರಿಂದ ಒಂದೇ ಆಕಾರದ ಪೆಟ್ಟಿಗೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಕತ್ತಲ ವೇದಿಕೆಯ ಮೇಲೂ ಯಾವುದು ಯಾವುದೆಂದು ತಿಳಿಯುವಂತೆ ಮಾಡಿತು. ಮನೆಯಲ್ಲಿ ಬೆಸುಗೆ ಹಾಕಿ ತಯಾರಿಸುವವರಿಗೆ ದೊರೆಯುವುದು ಬರಿಯ ಬೂದು ಅಲ್ಯುಮಿನಿಯಂ ಪೆಟ್ಟಿಗೆ. ಬಹುಬಳಕೆಯ ಒಂದು ಅಳತೆಯು ಸುಮಾರು 112 ಮಿಲಿಮೀಟರ್ ಉದ್ದ, 60 ಅಗಲ, 31 ಎತ್ತರ. ನಮ್ಮ ಅಡಿಗೆಮನೆಯ ಸಣ್ಣ ಡಬ್ಬಿಯಷ್ಟು. ಲೋಹವೇ ಏಕೆಂದರೆ, ಮನೆಯ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆ ಒಳಗಿನ ನಾದಕ್ಕೆ ಸೇರದಂತೆ ಅದು ತಡೆಯುತ್ತದೆ. ಹೊರಮೈಯನ್ನು ಹೇಗೆ ಸಿಂಗರಿಸಬೇಕೆಂಬುದು ಮಾಡಿದವನ ಇಚ್ಛೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1995ರಲ್ಲಿ ಆರಂಭವಾದ ಝೀ ವೆಕ್ಸ್ ಎಂಬ ಸಂಸ್ಥೆಯು ಒಂದೊಂದು ಪೆಟ್ಟಿಗೆಗೂ ಕೈಯಿಂದಲೇ ಚಿತ್ರ ಬರೆಸಿ ಹೆಸರು ಪಡೆಯಿತು.

ಈ ವಿಷಯವು ನಮ್ಮ ಗಮನಕ್ಕೆ ಬಂದುದು ಉಡುಪಿಯ ಸಮೀಪದ ಶಂಕರಪುರದಲ್ಲಿ. ಆ ಊರು ಮಲ್ಲಿಗೆಗೆ ಪ್ರಸಿದ್ಧವೆಂಬುದನ್ನು ಓದುಗರು ಬಲ್ಲರು. ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸಿ ಮಾರುವ ಕ್ರಮ ಅಲ್ಲಿಯದು. ಮಲ್ಲಿಗೆಯ ಕೃಷಿಕರಲ್ಲಿ ಕ್ರೈಸ್ತ ಬಂಧುಗಳು ಬಹಳ. ಅವರ ಮನೆಗಳಲ್ಲಿ ಗಿಟಾರ್ ಹೊಸ ವಾದ್ಯವೇನಲ್ಲ. ಧಾರವಾಡದ ಕಡೆಯ ಭಕ್ತರೊಬ್ಬರು ಉಡುಪಿಯ ನೌಕರಿಯ ನಿಮಿತ್ತ ಅಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಮಣಿಪಾಲದಲ್ಲಿ ಓದುತ್ತಿದ್ದ ಅವರ ಮಗ ನೆರೆಮನೆಯ ಗೆಳೆಯರೊಡನೆ ಗಿಟಾರ್ ಕಲಿತು, ಪೆಡಲ್ಲನ್ನೂ ತಾನೇ ಕಟ್ಟಿದ್ದ. ನಾವು ಪ್ರಸಾದ ಮುಗಿಸಿ ಕುಳಿತಾಗ ತಾಯಿ ದೂರು ತಂದರು: "ಅಜ್ಜಾರ, ನೀವರ ಹೇಳ್ರಿ ಇವಗ. ಪೆಟ್ಟಿಗಿ ಮ್ಯಾಲೆ ಲಿಂಗದ ಚಿತ್ರಾ ತಗದಾನ. ಆಮ್ಯಾಲೆ ಅದನ್ನ ಕಾಲಿಲೆ ತುಳಿತಾನ!" ಮಗ ತಲೆ ತಗ್ಗಿಸಿ, "ಭಕ್ತಿಯಿಂದನ ತಗದೇನ್ರಿ ಅಜ್ಜಾರ" ಎಂದ.

ಇಬ್ಬರ ಮಾತೂ ನಿಜವೇ ಆಗಿತ್ತು. ಯಾವ ವಾದ್ಯವನ್ನಾದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಕೈಗೆತ್ತಿಕೊಳ್ಳುವುದು ನಮ್ಮ ನಾಡಿನ ಪದ್ಧತಿ. ಇದೊಂದು ಮಾತ್ರ ತುಳಿಸಿಕೊಂಡೇ ಕೆಲಸ ಮಾಡಬೇಕಾದ ವಾದ್ಯಾಂಗ. ಹಾಗೆಂದು ಇದು ಕೀಳೇ? ಯಕ್ಷಗಾನದ, ನಾಟ್ಯದ ಕಲಾವಿದರು ಗೆಜ್ಜೆಯನ್ನು ಪೂಜಿಸಿಯೇ ಕಾಲಿಗೆ ಕಟ್ಟುತ್ತಾರೆ. ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಯನ್ನು ಮಾಡಿಕೊಟ್ಟ ಕಥೆಯನ್ನೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿರಿಸಿಕೊಂಡುದನ್ನೂ ನಮ್ಮ ಮಕ್ಕಳೆಲ್ಲರೂ ಕೇಳಿ ಬೆಳೆದವರು. ಆ ಪಾದರಕ್ಷೆಗೆ ಬಂದ ಮಹತ್ವವು ಅದರ ಮೇಲೆ ಬರೆದ ಯಾವ ಚಿತ್ರದಿಂದಲೂ ಬಂದುದಲ್ಲ. ಮಾಡಿದ ಕೈಗಳಿಂದ ಬಂದುದು. ಆದ್ದರಿಂದ ಕಾಲಿಗೆಂದೇ ಮಾಡಿದ ವಸ್ತುವಿನ ಮೇಲೆ ಲಿಂಗವನ್ನಾಗಲಿ, ಶರಣರ ಚಿತ್ರವನ್ನಾಗಲಿ, ಸರಸ್ವತಿಯನ್ನಾಗಲಿ ಬರೆಯಬಾರದೆಂಬುದು ನಮ್ಮ ಅಭಿಪ್ರಾಯ. ನೆರೆಯವರ ಶಿಲುಬೆಗೂ ಇದೇ ಮಾತು ಸಲ್ಲುತ್ತದೆ. ಕೆಲವರು ಪೆಟ್ಟಿಗೆಯ ಮೇಲ್ತುದಿಯಲ್ಲಿ, ಕಾಲು ತಾಗದ ಕಡೆ ಬರೆದರೆ ಆದೀತೆನ್ನುತ್ತಾರೆ. ಹಾಡಿನ ಭರದಲ್ಲಿ ಕಾಲು ಎಲ್ಲಿ ಬೀಳುತ್ತದೆಂದು ಯಾರು ನೋಡುತ್ತಾರೆ? ನಾವು ಹುಡುಗನಿಗೆ ಇಷ್ಟನ್ನೇ ಹೇಳಿದೆವು, ಗದರಿಸಲಿಲ್ಲ. ಅವನೂ ಒಪ್ಪಿ ಚಿತ್ರವನ್ನು ತೆಗೆಯಲು ಕುಳಿತ.

ಆಗಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬಣ್ಣವನ್ನು ತೆಗೆಯಲು ಥಿನ್ನರ್ ಬೇಕಾಗಲೇ ಇಲ್ಲ. ಉಗುರು ತಾಗಿದೊಡನೆ ಅದು ಬಾಳೆಯ ಸಿಪ್ಪೆಯಂತೆ ಎದ್ದು ಬಂತು. ಭಕ್ತಿಯಿಂದ ಬರೆದ ಚಿತ್ರವು ನಾಲ್ಕು ದಿನವೂ ನಿಲ್ಲದ ಮೈಯ ಮೇಲೆ ಕುಳಿತಿತ್ತು! ಅದೇ ಬೀದಿಯಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಹಿರಿಯ ಕೆಲಸಗಾರರೊಬ್ಬರು ಕಾರಣವನ್ನು ಬಿಡಿಸಿ ಹೇಳಿದರು. ಅವರಿಂದ ತಿಳಿದುದನ್ನು ಇಲ್ಲಿ ಕೊಡುತ್ತೇವೆ. ಇಂತಹ ಹವ್ಯಾಸವುಳ್ಳ ಮಕ್ಕಳಿರುವ ಮನೆಗಳಿಗೆ ಇದು ಪ್ರಯೋಜನವಾದೀತು.

ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯುಮಿನಿಯಂ ಮೈಯಲ್ಲಿ ಜಿಡ್ಡು ಉಳಿದಿರುತ್ತದೆ. ಜೊತೆಗೆ, ಗಾಳಿ ತಾಗಿದೊಡನೆ ಆ ಲೋಹದ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ನುಣುಪಾದ ಆ ಪೊರೆಗೆ ಬಣ್ಣ ಕಚ್ಚುವುದಿಲ್ಲ. ಆದುದರಿಂದ ಮೊದಲು ಬೇಕಾದ ತೂತುಗಳನ್ನೆಲ್ಲ ಕೊರೆದು ಮುಗಿಸಬೇಕು. ಬಣ್ಣದ ಮೇಲೆ ಕೊರೆದರೆ ಅಂಚು ಹಾರಿಹೋಗುತ್ತದೆ. ಬಳಿಕ ಸಾಬೂನಿನಿಂದ ತೊಳೆದು, ನಡುತರದ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಹೊಳಪು ಪೂರ್ತಿ ಅಳಿಯುವವರೆಗೆ ಉಜ್ಜಬೇಕು. ಒಣ ಉಜ್ಜಿದರೆ ಲೋಹದ ಧೂಳು ಶ್ವಾಸಕ್ಕೆ ಹೋಗುತ್ತದೆ. ಒಣಗಿದ ಮೇಲೆ ಥಿನ್ನರಿನಿಂದ ಒರೆಸಿದ ನಂತರ ಬರಿಗೈ ತಾಗಿಸಬಾರದು. ಕಿಟಕಿಯ ಸರಳಿಗೆ ಬಳಿಯುವ ಕೆಂಪು ಆಕ್ಸೈಡ್ ಇದಕ್ಕೆ ಸಲ್ಲದು. ಅಲ್ಯುಮಿನಿಯಮ್ಮನ್ನು ಕಚ್ಚಿ ಹಿಡಿಯುವ 'ಎಚ್ ಪ್ರೈಮರ್' ಎಂಬುದೇ ಬೇಕು. ಅದರ ಮೇಲೆ ಬಣ್ಣವನ್ನು ತೆಳ್ಳಗೆ ಮೂರು ನಾಲ್ಕು ಸಲ ಕೊಡುವುದು ಲೇಸು. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಇದನ್ನು ಕೇಳುವಾಗ ನಮಗೆ ಕೊಪ್ಪಳದ ಕಿನ್ನಾಳದ ಚಿತ್ರಗಾರರು ನೆನಪಾದರು. ಅವರ ಗೊಂಬೆಗಳಲ್ಲಿ ನಾವು ಬಣ್ಣವನ್ನು ಮಾತ್ರ ನೋಡಿ ಮೆಚ್ಚುತ್ತೇವೆ. ಆ ಬಣ್ಣಕ್ಕೆ ಮೊದಲು ಹಗುರವಾದ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಗೋಣಿಯ ನಾರು ಮತ್ತು ಮರದ ಹೊಟ್ಟು ಬೆರೆತ ಕಿಟ್ಟವನ್ನು ಮೆತ್ತಿ, ಒಣಗಿಸಿ, ಉಜ್ಜಿ ಮೈಯನ್ನು ಸಿದ್ಧಗೊಳಿಸುವ ಕೆಲಸವೇ ಹೆಚ್ಚಿನದು. ಕುಂಚ ಕೊನೆಗೆ ಬರುತ್ತದೆ. ನಮ್ಮ ಹುಡುಗರಿಗೆ ಕುಂಚವೇ ಮೊದಲು ಬೇಕು.

ಕರಾವಳಿಯಲ್ಲಿ ಕಾಲವನ್ನೂ ನೋಡಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುವ ಸೀಮೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವು ಒಣಗುತ್ತಿರುವ ಲ್ಯಾಕರಿಗೆ ಸೇರಿ ಅದನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹಗಲು ಪ್ರಶಸ್ತ. ತಾಯಂದಿರು ಇನ್ನೊಂದನ್ನು ಮನಸ್ಸಿನಲ್ಲಿಡಬೇಕು: ಸ್ಪ್ರೇ ಡಬ್ಬಿಯ ಅನಿಲಕ್ಕೆ ಥಟ್ಟನೆ ಬೆಂಕಿ ಹತ್ತುತ್ತದೆ. ಪೂಜೆಯ ದೀಪ, ಊದುಬತ್ತಿ, ಅಡಿಗೆಯ ಒಲೆ ಇರುವ ಮನೆಯೊಳಗೆ ಅದನ್ನು ಬಳಸಲು ಬಿಡಲೇಬಾರದು. ಹಿತ್ತಿಲಿನಲ್ಲಿ, ಮೂಗಿಗೆ ಮುಸುಕು ಹಾಕಿಕೊಂಡು ಮಾಡಲಿ. ಬಣ್ಣ ಬೇಗ ಗಟ್ಟಿಯಾಗಲೆಂದು ರೊಟ್ಟಿ, ಕೇಕು ಬೇಯಿಸುವ ಓವನ್ನಿನಲ್ಲಿ ಪೆಟ್ಟಿಗೆಯನ್ನಿಡುವ ಹುಡುಗರೂ ಇದ್ದಾರಂತೆ! ಬೆಸುಗೆಯ ತಂತಿಯಲ್ಲಿ ಸೀಸವಿರುವುದುಂಟು. ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಹುಡುಗನು ಹೊಸದಾಗಿ ಬರೆದುದು ಮಲ್ಲಿಗೆಯನ್ನು. ಕಡು ಹಸಿರು ನೆಲದ ಮೇಲೆ, ಬಾಳೆನಾರಿನಲ್ಲಿ ಕಟ್ಟಿದ ಬಿಳಿಯ ಮೊಗ್ಗಿನ ಸಾಲು ಪೆಟ್ಟಿಗೆಯ ನಾಲ್ಕು ಪಕ್ಕಗಳನ್ನು ಸುತ್ತಿ ಬರುತ್ತಿತ್ತು. ಮೇಲ್ಭಾಗವನ್ನು ಖಾಲಿ ಬಿಟ್ಟಿದ್ದ. ಒತ್ತುಗುಂಡಿಯ ಸುತ್ತಲಿನ ಬಣ್ಣವೇ ಮೊದಲು ಸವೆಯುವುದೆಂದು ವಾಹನದ ಬಣ್ಣದವರು ಹೇಳಿದ್ದು ಅವನಿಗೆ ನಾಟಿತ್ತು. ಮೂರು ತಿರುಗಣೆಗಳ ಕೆಳಗೆ ಇಂಗ್ಲಿಷ್ ಅಕ್ಷರ ಬರೆಯಲಿದ್ದವನಿಗೆ ಕನ್ನಡದಲ್ಲಿ ಏಕೆ ಬರೆಯಬಾರದೆಂದು ಕೇಳಿದೆವು. ದನಿ ಎಂದು ಒಂದಕ್ಕೆ ಬಂತು, ಕಾವು ಎಂದು ಇನ್ನೊಂದಕ್ಕೆ. ಒಡಕನ್ನು ಹೆಚ್ಚು ಕಡಿಮೆ ಮಾಡುವ ಮೂರನೆಯದಕ್ಕೆ ನಾವು 'ಜವಾರಿ' ಎಂದು ಸೂಚಿಸಿದೆವು. ಜವಾರಿ ಜೋಳ, ಜವಾರಿ ಬದನೆ ಎಂದು ತಿಳಿದಿದ್ದ ಆ ತಾಯಿಗೆ ನಗು ತಡೆಯಲಾಗಲಿಲ್ಲ. ಅಕ್ಷರಗಳ ಮೇಲೆ ಬಣ್ಣವಿಲ್ಲದ ಲ್ಯಾಕರನ್ನು ಎರಡು ಸಲ ಕೊಡದಿದ್ದರೆ ಅವು ಬೆವರಿಗೆ ಅಳಿಸಿಹೋಗುತ್ತವೆ.

ಒಳಮೈಗೆ ಮಾತ್ರ ಬಣ್ಣ ತಾಗಿಸಬಾರದು. ತಂತಿ ಸಿಕ್ಕಿಸುವ ಜ್ಯಾಕಿನ ಲೋಹವು ಪೆಟ್ಟಿಗೆಯ ಬರಿಮೈಗೆ ನೇರವಾಗಿ ತಾಗಿದ್ದರೆ ತಾನೇ ಆ ಗುಂಯ್‌ಗುಡುವಿಕೆ ನಿಲ್ಲುವುದು. ನಡುವೆ ಬಣ್ಣ ಸೇರಿದರೆ ಲೋಹದ ಪೆಟ್ಟಿಗೆಯೂ ಮರದ ಪೆಟ್ಟಿಗೆಯೂ ಒಂದೇ. ತೂತಿನ ಒಳ ಅಂಚಿಗೆ ಬಣ್ಣ ನುಸುಳಿದ್ದರೆ ಚೂರಿಯ ತುದಿಯಿಂದ ಕೆರೆದು ತೆಗೆಯಬೇಕು. ಹಳೆಯ ಕಸಬುದಾರರಂತೆ ಮಾಡಿದ ತೇದಿಯನ್ನೂ ಹೆಸರನ್ನೂ ಒಳಮುಚ್ಚಳದ ಮೇಲೆ ಮೊಳೆಯಿಂದ ಗೀಚಿಡಬಹುದು. ಕೊನೆಯ ಸಲ ಲ್ಯಾಕರ್ ಕೊಟ್ಟ ಮೇಲೆ ಒಂದು ವಾರ ಬಿಟ್ಟು, ತಳದ ಮೂಲೆಯಲ್ಲಿ ಉಗುರಿನಿಂದ ಒತ್ತಿ ನೋಡಬೇಕು. ಗುರುತು ಬೀಳದಿದ್ದರೆ ಆಗ ಒಳಗಿನ ತಂತಿಗಳನ್ನು ಜೋಡಿಸಿ ಮುಚ್ಚಳಕ್ಕೆ ತಿರುಪು ಹಾಕಬಹುದು.