ರದ್ದಿಗೆ ಹೊರಟ ಪುಸ್ತಕಕ್ಕೆ ಮರುಹುಟ್ಟು

ಪುಸ್ತಕಕ್ಕೆ ಬಣ್ಣ ಬಳಿಯೋದೇ? ಹಾಳೆ ಕತ್ತರಿಸೋದೇ? ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೆ ಯಾರೂ ಓದದೆ ತೂಕಕ್ಕೆ ಹೋಗಲಿರುವ ಪುಸ್ತಕವನ್ನು ಹೀಗೆ ಉಳಿಸಿಕೊಂಡವರುಂಟು.

ಇಂಗ್ಲೆಂಡಿನ ಚಿತ್ರಕಾರ ಟಾಮ್ ಫಿಲಿಪ್ಸ್ 1966ರಲ್ಲಿ ಲಂಡನ್ನಿನ ಪೆಕ್‌ಹ್ಯಾಮ್‌ನ ಹಳೆ ಸಾಮಾನಿನ ಮಳಿಗೆಯೊಂದರಲ್ಲಿ ಮೂರೇ ಪೆನ್ಸ್ ಕೊಟ್ಟು ಒಂದು ಕಾದಂಬರಿ ಕೊಂಡರು. ಮ್ಯಾಲಕ್ ಎಂಬಾತನದು, 1892ರ 'ಎ ಹ್ಯೂಮನ್ ಡಾಕ್ಯುಮೆಂಟ್'. ಪುಟಪುಟದಲ್ಲೂ ತಮಗೆ ಬೇಕಾದ ನಾಲ್ಕಾರು ಪದ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಚಿತ್ರದಿಂದ ಮುಚ್ಚಿದರು. ಉಳಿದ ಪದಗಳೇ ಸೇರಿ ಬೇರೊಂದು ಕಥೆ! ಅದರ ನಾಯಕ ಟೋಜ್‌ನ ಹೆಸರು 'ಟುಗೆದರ್' ಎಂಬ ಪದದ ಹೊಟ್ಟೆಯಿಂದ ತೆಗೆದದ್ದು. ಶೀರ್ಷಿಕೆಯ ನಡುವಿನ ಅಕ್ಷರಗಳನ್ನೂ ಬಿಡಲಿಲ್ಲ, ನುಂಗಿಹಾಕಿ 'ಎ ಹ್ಯುಮ್ಯುಮೆಂಟ್' ಮಾಡಿದರು. ಐವತ್ತು ವರ್ಷ ತಿದ್ದಿ ತಿದ್ದಿ, ಕೊನೆಯ ಆವೃತ್ತಿ ತಂದದ್ದು 2016ರಲ್ಲಿ. 2022ರಲ್ಲಿ ತೀರಿಕೊಂಡರು.

ನಮ್ಮ ಕೈಕೆಲಸಕ್ಕೆ ಯಾವಾಗಲೂ ಒಬ್ಬರು ಯಜಮಾನರು ಇದ್ದೇ ಇರುತ್ತಾರೆ, ನೋಡಿ. ಸ್ವೆಟರ್ ಮಗುವಿಗೆ, ಕಸೂತಿ ಮಗಳ ಸೀರೆಗೆ, ರಂಗೋಲಿ ಬೀದಿಯವರ ಕಣ್ಣಿಗೆ. ಎಳೆ ಸೊಟ್ಟಗಾದರೆ ಹೇಳೋರೂ ಇದ್ದಾರೆ. ಈ ಪುಸ್ತಕವನ್ನು ಮಾತ್ರ ಯಾರಿಗೂ ತೋರಿಸಬೇಕಿಲ್ಲ, ಮುಚ್ಚಿಟ್ಟರಾಯಿತು. "ನಂಗೆ ಚಿತ್ರ ಬರೆಯೋಕೆ ಬರೋಲ್ಲ" ಅನ್ನುವವರಿಗೂ ಹೆದರಿಕೆ ಬೇಡ. ಹಾಳೆ ಖಾಲಿಯಿಲ್ಲ, ಅದರ ತುಂಬ ಮಾತುಗಳಿವೆ. ನಿಮ್ಮ ಮಾತನ್ನು ಆರಿಸಿಕೊಳ್ಳಿ.

ದಾರದ ಹೊಲಿಗೆ ಹಾಕಿದ ರಟ್ಟಿನ ಪುಸ್ತಕವೇ ಬೇಕು. ಬರೀ ಅಂಟಿನ ಬೈಂಡಿಂಗ್ ಆದರೆ ಹಾಳೆ ಉದುರುತ್ತವೆ. (ಯಜಮಾನರ ಕಪಾಟಿನದಾದರೆ ಮೊದಲು ಕೇಳಿಬಿಡಿ!) ನಡುನಡುವೆ ಕೆಲವು ಹಾಳೆಗಳನ್ನು ಬುಡದಲ್ಲಿ ಅರ್ಧ ಅಂಗುಲ ಬಿಟ್ಟು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅಂಟಿಸಿದ್ದೆಲ್ಲ ಸೇರಿ ಪುಸ್ತಕ ಪೂರಿಯಂತೆ ಉಬ್ಬುತ್ತದೆ. ತೆಳು ಹಾಳೆಯಾದರೆ ಎರಡೆರಡು ಸೇರಿಸಿ ಅಂಟಿಸಿ. ಬೇಕಾದ ಪದಗಳ ಸುತ್ತ ಮೊದಲು ಪೆನ್ಸಿಲ್ ಗೆರೆ, ಆಮೇಲೆ ಬಣ್ಣ. ಲಗ್ನಪತ್ರಿಕೆಯ ಚೂರು, ಸೀರೆಯಂಚು, ಅಂಚೆಚೀಟಿ, ಅಮ್ಮನ ಕೈಬರಹದ ದಿನಸಿ ಚೀಟಿ, ಎಲ್ಲಕ್ಕೂ ಇಲ್ಲಿ ಜಾಗವಿದೆ. ಒಣಗುವ ತನಕ ಪುಟಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ.

ಇನ್ನು ಅಂಟು. ಮೈದಾ ಅಂಟಿಗೆ ಹುಳು ಬೀಳುತ್ತದೆ. ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಅಡಿಗೆಯ ಪಾತ್ರೆಯಲ್ಲಂತೂ ಕಲಸಲೇಬೇಡಿ. ಮಕ್ಕಳಿರುವ ಮನೆಗೆ ಅಂಗಡಿಯ ಬಿಳಿ ಗೋಂದೇ ವಾಸಿ.